ಹಿಂದಿನ ಸೀಟಿನ ಮಿಸ್ತ್ರಿ

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಟೈರಿಗೆ ಗಾಳಿ ಹಾಕಿಸುವಾಗ. ಅಣ್ಣಿಗೇರಿಯ ಗದಗ ರಸ್ತೆಯಲ್ಲಿರುವ ಪಂಕ್ಚರ್ ಅಂಗಡಿಯವನು ಹಿಂದಿನ ಗಾಲಿಗೆ ಗಾಳಿ ತುಂಬುತ್ತ, ತಲೆ ಎತ್ತದೆ, "ಮಿಸ್ತ್ರಿ ಹೋದ್ರಲ್ಲರಿ ಸರ" ಎಂದ.

"ಎಲ್ಲಿಗೆ?" ಎಂದೆ.

ಅವನು ನಳಿಗೆ ತೆಗೆದು ನನ್ನ ಮುಖ ನೋಡಿದ. "ಹದಿನೈದು ದಿನಾ ಆತ್ರಿ. ನಿಮಗ ಗೊತ್ತ ಇಲ್ಲೇನು? ನೀವು ಅವರ ಕಡೆ ಬಾಳ ಬರ್ತಿದ್ರಲ್ಲ."

ಬರುತ್ತಿದ್ದೆ, ನಿಜ. ಆ ಭೂತಕಾಲ ಸತ್ತವರಿಗಿಂತ ಹೆಚ್ಚಾಗಿ ನನಗೇ ಸೇರಿದ್ದು. ಒಂದೂವರೆ ವರ್ಷದಿಂದ ಅವರ ರಿಪೇರಿ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿರಲಿಲ್ಲ.

ನಾನು ಇತಿಹಾಸ ಓದಿದವನು, ಪದವಿ ಕಾಲೇಜಿನಲ್ಲಿ ಅದನ್ನೇ ಕಲಿಸುವವನು. ಎರಡು ಆಧಾರ ಸಿಗದೆ ಯಾವುದನ್ನೂ ನಂಬಬೇಡಿ ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತೇನೆ. ಈ ಮನುಷ್ಯನ ಬಗ್ಗೆ ಬರೆಯಲು ಕುಳಿತರೆ ಒಂದು ಆಧಾರವೂ ನೆಟ್ಟಗೆ ನಿಲ್ಲುವುದಿಲ್ಲ. ಶೆಡ್ಡಿನ ಬಾಗಿಲು ನೀಲಿ ಎಂದು ನಾನು, ಹಸಿರು ಎಂದು ನನ್ನ ಹೆಂಡತಿ ಶೈಲಾ. ನೋಡಿಯೇ ಬಿಡೋಣವೆಂದು ಹೋದರೆ ಆ ಬಾಗಿಲಿಗೆ ತುಕ್ಕಿನ ಬಣ್ಣ ಬಿಟ್ಟು ಬೇರೆ ಬಣ್ಣವೇ ಇಲ್ಲ. ಆದ್ದರಿಂದ ಮುಂದಿನದನ್ನೆಲ್ಲ ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು.

ನಮ್ಮದು ಏಳು ಸೀಟಿನ ಎತ್ತರದ ಡೀಸೆಲ್ ಗಾಡಿ. ಶೈಲಾಳ ತವರು ಕಲಘಟಗಿ ಕಡೆಯ ಬಮ್ಮಿಗಟ್ಟಿ. ಮಳೆಗಾಲದಲ್ಲಿ ಆ ದಾರಿಗೆ ಸಣ್ಣ ಕಾರು ಆಗದು ಎಂಬ ನೆಪದಲ್ಲಿ ಕೊಂಡದ್ದು. ನೆಪ ವರ್ಷಕ್ಕೆ ನಾಲ್ಕು ಸಲ. ಉಳಿದ ದಿನ ಅದು ಮನೆಯಿಂದ ಕಾಲೇಜಿಗೆ ಎರಡೂವರೆ ಕಿಲೋಮೀಟರು ಹೋಗಿ ಬೇವಿನ ಗಿಡದ ಕೆಳಗೆ ನಿಲ್ಲುತ್ತಿತ್ತು. ಕಂಪನಿಯ ಗ್ಯಾರಂಟಿ ಮುಗಿದ ಮೇಲೆ ಮಿಸ್ತ್ರಿಯ ಕಡೆ ಹೋಗತೊಡಗಿದೆವು.

ಅರವತ್ತು ದಾಟಿದ, ಗಿಡ್ಡ ಮೈಕಟ್ಟಿನ ಮನುಷ್ಯ. ಕೈ ಮಣಿಕಟ್ಟಿನ ತನಕ ಕರ್ರಗೆ, ಅಂಗಿ ಮಾತ್ರ ಬೆಳ್ಳಗೆ. ಒಬ್ಬರೇ ಕೆಲಸ ಮಾಡುತ್ತಿದ್ದರು. ಕೆಲಸ ಕಲಿತದ್ದು ಎಲ್ಲಿ ಎಂದು ಕೇಳಿದಾಗ "ಕುಂದಗೋಳದಾಗ್ರಿ" ಎಂದರು. ಸಂಗೀತಗಾರರಿಂದ ಹೆಸರಾದ ಊರು ಅದು.

"ಹಂಗಾರ ಸಂಗೀತಾನೂ ಕಲ್ತಿರಬೇಕಲ್ಲ?"

"ಕಲ್ತೇನ್ರಿ. ಜೀಪಿನ ಸಂಗೀತ."

ಅದು ತಮಾಷೆಯಲ್ಲ ಎಂದು ಗೊತ್ತಾದದ್ದು ಮೊದಲ ದಿನವೇ. ಮುಂದಿನ ಎಡಗಡೆ ಏನೋ ಸದ್ದು ಬರುತ್ತಿತ್ತು. ನಾನು ಅಂತರ್ಜಾಲದಲ್ಲಿ ಓದಿಕೊಂಡು ಹೋಗಿ, "ಸಸ್ಪೆನ್ಶನ್‌ನ್ಯಾಗ ಸವೆತ ಆಗಿರಬಹುದು" ಎಂದೆ.

"ಅದ ನಾ ಹೇಳೂದ್ರಿ. ನೀವು ಆವಾಜ್ ಹೇಳ್ರಿ."

"ಅಂದ್ರ?"

"ಬಾಯಿಲೆ ಮಾಡಿ ತೋರಸ್ರಿ."

ರಸ್ತೆ ಬದಿಯಲ್ಲಿ ನಿಂತು, ಇಬ್ಬರು ರೈತರ ಎದುರಿಗೆ, ಬಾಯಲ್ಲಿ ಗಾಡಿಯ ಸದ್ದು ಮಾಡುವುದು ನನ್ನಿಂದ ಆಗಲಿಲ್ಲ. ನಾನು ಮಾಡಿದ್ದು ಕೆಮ್ಮಿದಂತೆ ಕೇಳಿಸಿತು. ಪ್ರಾಥಮಿಕ ಶಾಲೆಯಲ್ಲಿ ಕಲಿಸುವ ಶೈಲಾಳಿಗೆ ಇಂಥ ನಾಚಿಕೆ ಇಲ್ಲ. ಅವಳು ಗಾಡಿಯಿಂದ ಇಳಿದು, "ಟಕಟಕ್! ತಗ್ಗಿನ್ಯಾಗ ಇಳಿಯೂಮುಂದ ಎರಡು. ಮ್ಯಾಲ ಬರೂಮುಂದ ಒಂದ, ಟಕ್" ಎಂದಳು.

ಮಿಸ್ತ್ರಿಯ ಮುಖ ಅರಳಿತು. "ಅಕ್ಕಾರ ಬರೋಬ್ಬರಿ ಹೇಳಿದ್ರು. ಲಿಂಕ್ ರಾಡ್ ಹೋಗೈತಿ." ಅದೇ ಆಗಿತ್ತು. ಅಂದಿನಿಂದ ಅವರು ನಾನು ಒಬ್ಬನೇ ಹೋದರೆ "ಅಕ್ಕಾರು ಬಂದಿಲ್ಲೇನ್ರಿ?" ಎಂದು ಕೇಳುತ್ತಿದ್ದರು. ಗಾಡಿಯ ಮಾಲೀಕ ನಾನು, ಸಾಕ್ಷಿ ಅವಳು.

ಗಿರಾಕಿಯ ಗಾಡಿಯನ್ನು ಅವರು ತಾವು ಎಂದೂ ಓಡಿಸಿ ನೋಡುತ್ತಿರಲಿಲ್ಲ. "ನೀವ ಹೊಡೀರಿ" ಎಂದು ಹೇಳಿ ಹೋಗಿ ಕೊನೆಯ ಸಾಲಿನ ಸೀಟಿನಲ್ಲಿ, ಮಕ್ಕಳು ಕೂರುವ ಜಾಗದಲ್ಲಿ, ಮಂಡಿ ಮಡಚಿ ಕೂರುತ್ತಿದ್ದರು. ಗಾಡಿಯ ಅರ್ಧ ಕಾಯಿಲೆ ಓಡಿಸುವವನ ಕಾಲಲ್ಲಿರುತ್ತದೆ ಎಂಬುದು ಅವರ ಲೆಕ್ಕ. ಒಮ್ಮೆ ಹಾಗೆ ಹೋಗುವಾಗ ಹಿಂದಿನಿಂದ ಕೇಳಿದರು:

"ಸರ, ಎಡಗಾಲು ಎಲ್ಲೈತಿ?"

"ಕ್ಲಚ್ ಮ್ಯಾಲ."

"ಅಲ್ಲ್ಯಾಕ ಇಟ್ಟೀರಿ? ಅದೇನು ನಿಮ್ಮ ಕಾಲೇಜಿನ ಟೇಬಲ್ಲಿನ ಕೆಳಗ ಕಾಲಿಡೂ ಪಟ್ಟಿ ಏನ್ರಿ?"

ಕ್ಲಚ್ ತಟ್ಟೆ ಬೇಗ ಸವೆಯಲು ಕಾರಣ ಕಂಪನಿಯಲ್ಲ, ನಾನು ಎಂದು ಆ ಒಂದು ಪ್ರಶ್ನೆಯಲ್ಲಿ ತೀರ್ಮಾನವಾಯಿತು. ನನಗೆ ಸಿಟ್ಟು ಬಂದಿತ್ತು. ಹಿಂದೆ ಕೂತವರು ಹೇಳುವ ಮಾತು ಸರಿಯಾಗಿದ್ದಾಗ ಬರುವ ಸಿಟ್ಟು ಅದು.

ಇನ್ನೊಂದು ಮಳೆಗಾಲ. ಗೆಳೆಯರೊಬ್ಬರ ಹೊಲ ನೋಡಲು ತಿರ್ಲಾಪುರಕ್ಕೆ ಹೋಗಿ ಬಂದ ಮೇಲೆ ಸ್ಟೇರಿಂಗ್ ನಡುಗತೊಡಗಿತು. ಅರವತ್ತರ ವೇಗ ದಾಟಿದರೆ ಕೈಗೆ ಜ್ವರ ಬಂದಂತೆ. ಹುಬ್ಬಳ್ಳಿಯ ದೊಡ್ಡ ಅಂಗಡಿಯಲ್ಲಿ ಗಾಲಿಗಳ ಅಲೈನ್‌ಮೆಂಟ್ ತಪ್ಪಿದೆ, ಎರಡು ಟೈರು ಬದಲಿಸಬೇಕು ಎಂದರು. ಮಿಸ್ತ್ರಿ ಗಾಲಿಯ ಒಳಗಡೆ ಕೈ ಹಾಕಿ, ಹಳೆಯ ಸ್ಕ್ರೂ ಡ್ರೈವರಿನಿಂದ ಕೆತ್ತಿ, ತೆಂಗಿನಕಾಯಿಯಷ್ಟು ದೊಡ್ಡ ಎರೆಮಣ್ಣಿನ ಹೆಂಟೆ ತೆಗೆದರು. ಕಲ್ಲಾಗಿತ್ತು. ಅದನ್ನು ನನ್ನ ಕೈಯಲ್ಲಿಟ್ಟು, "ತಗೋರಿ, ನಿಮ್ಮ ಅಲೈನ್‌ಮೆಂಟು" ಎಂದರು. ತೆಂಗಿನಕಾಯಿಯಷ್ಟು ಇತ್ತೋ ನಿಂಬೆಹಣ್ಣಿನಷ್ಟು ಇತ್ತೋ ಈಗ ಹೇಳಲಾರೆ. ಪ್ರತಿ ಸಲ ಹೇಳುವಾಗ ಆ ಹೆಂಟೆ ಬೆಳೆದಿದೆ.

ಎರಡೂವರೆ ಕಿಲೋಮೀಟರಿನ ಓಡಾಟದಿಂದ ಗಾಡಿಗೆ ಇನ್ನೊಂದು ಕಾಯಿಲೆ ಹತ್ತಿತು. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಕಟ್ಟಿಕೊಂಡು, ಮುಂದೆ ಹಳದಿ ದೀಪ ಹತ್ತಿ, ಎಂಜಿನ್ನು ಎಮ್ಮೆಯಂತೆ ಕಾಲೆಳೆಯತೊಡಗಿತು. ಮಿಸ್ತ್ರಿ ಬಾನೆಟ್ ತೆರೆಯಲೂ ಇಲ್ಲ. "ನವಲಗುಂದದ ತನಕ ಓಡಿಸಿಕೊಂಡು ಬರ್ರಿ. ಗೇರ್ ಒಂದು ಕಡಿಮಿ ಇಟ್ಟು, ಎಂಜಿನ್ ಸ್ವಲ್ಪ ಬಿಸಿ ಆಗ್ಲಿ. ಮಸಿ ಸುಟ್ಟ ಹೋಗ್ತೈತಿ."

ಇದು ದನಕ್ಕೆ ಮಾಡುವ ಉಪಚಾರದಂತಿದೆ ಎಂದುಕೊಂಡು ಮನೆಗೆ ಹೋಗಿ ಗಾಡಿಯ ಜೊತೆ ಬಂದ ಪುಸ್ತಕ ತೆರೆದೆ. ಅದರಲ್ಲೂ ಅದನ್ನೇ ಬರೆದಿತ್ತು. ಮರುದಿನ ಹೋಗಿ, ಅವರಿಗೆ ಪ್ರಮಾಣಪತ್ರ ಕೊಡುವವನಂತೆ, "ಪುಸ್ತಕದಾಗೂ ಹಂಗ ಐತ್ರಿ" ಎಂದೆ.

"ಹಂಗಾರ ಪುಸ್ತಕ ಬರೋಬ್ಬರಿ ಐತಿ" ಎಂದು ಅವರು ತಮ್ಮ ಕೆಲಸ ಮುಂದುವರಿಸಿದರು.

ಇಷ್ಟೆಲ್ಲ ಮೆಚ್ಚಿಕೆಯ ಮಾತು ಬರೆದೆ. ಆದರೆ ಆ ಮನುಷ್ಯನೊಡನೆ ಮಾತಾಡುವುದೆಂದರೆ ನನಗೆ ಕಿರಿಕಿರಿಯೇ ಆಗಿತ್ತು. ಕಾರಣ ಅವರ ಒಂದು ಪದ: "ನಡೀತೈತಿ". ಟೈರು ಇನ್ನು ಎಷ್ಟು ದಿನ ಬಂದೀತು ಎಂದರೆ ನಡೀತೈತಿ. ಬೆಲ್ಟು ಬದಲಿಸಬೇಕೇ ಎಂದರೆ ನಡೀತೈತಿ. ಅದು ಕೆಲವು ಸಲ "ಏನೂ ಚಿಂತೆಯಿಲ್ಲ" ಎಂದು. ಕೆಲವು ಸಲ "ಇವತ್ತಿಗೆ ಚಿಂತೆಯಿಲ್ಲ" ಎಂದು. ಇನ್ನು ಕೆಲವು ಸಲ "ಓಡುತ್ತದೆ, ಆದರೆ ನಾನಾಗಿದ್ದರೆ ಓಡಿಸುತ್ತಿರಲಿಲ್ಲ" ಎಂದು. ವ್ಯತ್ಯಾಸವೆಲ್ಲ ಕೊನೆಯ ಅಕ್ಷರವನ್ನು ಎಷ್ಟು ಎಳೆದರು ಎಂಬುದರಲ್ಲಿ. ಶೈಲಾಳಿಗೆ ಅದು ತಿಳಿಯುತ್ತಿತ್ತು. ನಾನು ಕೇಳುತ್ತಿದ್ದೆ:

"ಎಷ್ಟು ಕಿಲೋಮೀಟರ್ ನಡೀತೈತ್ರಿ?"

"ನಡಿಯುವಷ್ಟು ನಡೀತೈತ್ರಿ."

"ಒಂದು ನಂಬರ್ ಹೇಳ್ರೆಲಾ."

"ನಂಬರ್ ಹೇಳಿದ್ರ ನೀವು ಅದನ್ನ ಹಿಡಕೊಂಡು ಕುಂದರ್ತೀರಿ ಸರ. ಗಾಡಿಗೆ ಅದು ಗೊತ್ತಿರಂಗಿಲ್ಲ."

ಈಗ ಆ ದಸರಾ ರಜೆಯ ಮಾತಿಗೆ ಬರಬೇಕು. ಬರಲು ಮನಸ್ಸಿಲ್ಲದೆ ಇಷ್ಟು ಹೊತ್ತು ಮಣ್ಣಿನ ಹೆಂಟೆಯ ಕಥೆ ಹೇಳುತ್ತಿದ್ದೆ.

ಮಗಳಿಗೆ ಸಮುದ್ರ ತೋರಿಸಲು ಹೊರಟಿದ್ದೆವು. ಯಲ್ಲಾಪುರ ದಾಟಿ ಘಟ್ಟ ಇಳಿದು ಅಂಕೋಲೆಯ ಕಡೆ. ಹಿಂದಿನ ದಿನ ಸಂಜೆ ಒಮ್ಮೆ ತೋರಿಸಿಬಿಡೋಣವೆಂದು ಗಾಡಿ ಒಯ್ದೆ. ಶೈಲಾ ಬರಲಿಲ್ಲ, ಬಟ್ಟೆ ಜೋಡಿಸುತ್ತಿದ್ದಳು. ಮಿಸ್ತ್ರಿ ಯಾರದೋ ಟೆಂಪೊದ ಕೆಳಗಿನಿಂದ ಎದ್ದು ಬಂದು, ನೀರು ನೋಡಿದರು, ಎಂಜಿನ್ ಎಣ್ಣೆ ನೋಡಿದರು. ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ಬೆರಳು ಅದ್ದಿ, ಬೆಳಕಿಗೆ ಹಿಡಿದು, "ಕರ್ರಗಾಗೈತಿ" ಎಂದರು. ಇಷ್ಟು ನನಗೆ ಖಚಿತವಾಗಿ ನೆನಪಿದೆ, ಆ ಬೆರಳಿನ ಉಗುರು ಸೀಳಿದ್ದೂ ನೆನಪಿದೆ.

"ನಡೀತೈತ್ರಲಾ?" ಎಂದೆ.

"ನಡೀತೈತಿ..." ಎಂದರು.

ಅದಾದ ಮೇಲೆ ಅವರು ಇನ್ನೇನಾದರೂ ಹೇಳಿದರೇ? ನನ್ನ ನೆನಪಿನಲ್ಲಿ ಅಷ್ಟರಲ್ಲಿ ಒಂದು ಟ್ರಾಕ್ಟರು ಭಾರೀ ಸದ್ದು ಮಾಡುತ್ತ ಹಾದುಹೋಗುತ್ತದೆ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಈ ಕಥೆಯನ್ನು ಮೊದಲ ಎರಡು ಸಲ ಹೇಳಿದಾಗ ಅದರಲ್ಲಿ ಟ್ರಾಕ್ಟರು ಇರಲಿಲ್ಲ. ಮೂರನೆಯ ಸಲಕ್ಕೆ ಬಂತು. ಆಮೇಲೆ ಹೋಗಲಿಲ್ಲ.

ಮರುದಿನ ಐದಕ್ಕೇ ಹೊರಟೆವು. ಘಟ್ಟದ ಇಳಿಜಾರಿನಲ್ಲಿ ಮುಂದೊಂದು ಲಾರಿ. ಅದರ ಹಿಂದೆ ನಾನು, ನಾಲ್ಕನೆಯ ಗೇರಿನಲ್ಲಿ, ಬ್ರೇಕ್ ಒತ್ತಿಕೊಂಡೇ ಇಳಿಯುತ್ತಿದ್ದೆ. ಅರ್ಧ ಇಳಿದಿರಬಹುದು, ಕಾಲ ಕೆಳಗಿನ ಪೆಡಲ್ಲು ಕಣಕದ ಮೇಲೆ ಕಾಲಿಟ್ಟಂತೆ ಮೆತ್ತಗಾಯಿತು. ಇನ್ನೊಮ್ಮೆ ಒತ್ತಿದೆ, ತಳ ಮುಟ್ಟಿತು. ಗಾಡಿ ನಿಲ್ಲಲಿಲ್ಲ. ಲಾರಿಯ ಹಿಂಬದಿ ದೊಡ್ಡದಾಗುತ್ತ ಬಂತು. ಶೈಲಾ ಕೂಗದೆ, ಹ್ಯಾಂಡ್ ಬ್ರೇಕ್ ಹಿಡಿದು ಮೇಲೆಳೆದಳು. ನಾನು ಎರಡನೆಯ ಗೇರಿಗೆ ಹಾಕಿ, ಗಾಡಿಯನ್ನು ಗುಡ್ಡದ ಬದಿಯ ಗಟಾರಕ್ಕೆ ಇಳಿಸಿದೆ. ಎಡಗಡೆಯೆಲ್ಲ ಕಲ್ಲಿಗೆ ಉಜ್ಜಿಕೊಂಡು ನಿಂತಿತು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆಯಲ್ಲಿದ್ದಳು. ಎಚ್ಚರಾಗಿ "ಸಮುದ್ರ ಬಂತಾ?" ಎಂದಳು.

ಅರ್ಧ ಗಂಟೆ ಬಿಟ್ಟು ಒತ್ತಿ ನೋಡಿದರೆ ಪೆಡಲ್ಲು ಏನೂ ಆಗಿಲ್ಲವೆಂಬಂತೆ ಗಟ್ಟಿಯಾಗಿತ್ತು. ಹಳೆಯ ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿಕೊಂಡಿರುತ್ತದೆ, ಇಳಿಜಾರಿನ ಬಿಸಿಗೆ ಕುದಿಯುತ್ತದೆ, ತಣ್ಣಗಾದರೆ ಮತ್ತೆ ಹಿಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಇದೂ ಆ ಪುಸ್ತಕದಲ್ಲಿತ್ತು. ಆ ಪುಟ ಮಾತ್ರ ನಾನು ತೆರೆದಿರಲಿಲ್ಲ.

ಊರಿಗೆ ಬಂದವನೇ ಶೆಡ್ಡಿಗೆ ಹೋದೆ. ಅರ್ಥಶಾಸ್ತ್ರ ಕಲಿಸುವ ನಮ್ಮ ಪಾಟೀಲ ತನ್ನ ಕಾರು ತೋರಿಸುತ್ತ ನಿಂತಿದ್ದ. ಇನ್ನೂ ಮೂರು ನಾಲ್ಕು ಜನರಿದ್ದರು. ಅವರೆಲ್ಲರ ಎದುರಿಗೆ ನಾನು ಕೂಗಾಡಿದೆ.

"ನಡೀತೈತಿ ಅಂದ್ರಿ ನೀವು. ನಿಮ್ಮ ಮಾತು ಕೇಳಿ ಹೆಂಡ್ತಿ ಮಗಳನ್ನ ಕರಕೊಂಡು ಘಟ್ಟ ಇಳದೀನಿ."

ಮಿಸ್ತ್ರಿ ಮೊದಲು ಗಾಡಿಯ ಎಡಗಡೆ ನೋಡಿದರು. "ಅಕ್ಕಾರಿಗೆ, ಮಗಳಿಗೆ ಏನರೆ ಪೆಟ್ಟಾತೇನ್ರಿ?"

"ಆಗಿಲ್ಲ. ನಿಮ್ಮ ಪುಣ್ಯಾ ಅಲ್ಲ ಅದು."

"ಇಳಿಯೂಮುಂದ ಯಾವ ಗೇರಿನ್ಯಾಗ ಇದ್ರಿ?"

"ಈಗ ನನ್ನ ತಪ್ಪು ಹುಡಕಬ್ಯಾಡ್ರಿ!"

ಅವರು ಕೈ ಒರೆಸಿಕೊಂಡರು. "ನಡೀತೈತಿ ಅಂದ್ನಿ ಸರ, ಇಲ್ಲಾ ಅನ್ನಂಗಿಲ್ಲ. ಊರಾಗ ನಡೀತೈತಿ, ಘಟ್ಟಕ್ಕ ಹೋಗೂದಿದ್ರ ಮುಂಜಾನಿ ಬರ್ರಿ, ಎಣ್ಣಿ ಬದ್ಲಿ ಮಾಡೂಣು ಅಂದ್ನಿ."

"ಅಂದಿಲ್ಲ."

"ಅಂದೇನ್ರಿ."

"ಸುಳ್ಳು ಹೇಳಬ್ಯಾಡ್ರಿ. ಅಂದಿಲ್ಲ ನೀವು."

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಬಾನೆಟ್ಟಿನ ಮೇಲೆ ಕಿವಿ ಇಟ್ಟು ಕೇಳುವಾಗ ಇರುತ್ತಿದ್ದ ಮುಖವೇ ಅದು, ಏನೋ ಸದ್ದು ಹಿಡಿಯಲು ನೋಡುತ್ತಿದ್ದಂತೆ. ಆಮೇಲೆ ಮೆಲ್ಲಗೆ, "ನೀವು ಅಂದಿಲ್ಲ ಅಂದ್ರ, ಅಂದಿಲ್ಲ ಬಿಡ್ರಿ" ಎಂದರು. ಎಣ್ಣೆ ಈಗಲೇ ಬದಲಿಸಿ ಕೊಡುತ್ತೇನೆ, ಹಾಗೇ ಒಯ್ಯಬೇಡಿ ಎಂದೂ ಹೇಳಿದರು. ನಾನು ಅದೇ ಬ್ರೇಕಿನಲ್ಲಿ ಹುಬ್ಬಳ್ಳಿಯ ತನಕ ಓಡಿಸಿಕೊಂಡು ಹೋದೆ. ಅದು ಎಂಥ ಬುದ್ಧಿವಂತಿಕೆ ಎಂದು ಯಾರೂ ಕೇಳಲಿಲ್ಲ.

ಅಂದು ಸಂಜೆ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಸಾಲು ಬರೆದೆ. ಅಚ್ಚುಕಟ್ಟಾದ ಸಾಲುಗಳು. ಅವರಿಂದ ಎಚ್ಚರಿಕೆಯಿಂದಿರಿ, ಪ್ರಾಣದ ಪ್ರಶ್ನೆ ಎಂದು. ಪಾಟೀಲ ಕೆಳಗೆ "ನಾನೇ ಸಾಕ್ಷಿ" ಎಂದು ಹಾಕಿದ. ಯಾವುದಕ್ಕೆ ಸಾಕ್ಷಿಯೋ. ಕಾಲೇಜಿನ ಆರೇಳು ಕಾರುಗಳು ಅಲ್ಲಿಗೆ ಹೋಗುವುದು ನಿಂತಿತು. ನಾನು ಬರೆದದ್ದು ಇಂದಿಗೂ ಆ ಗುಂಪಿನಲ್ಲಿದೆ, ಲಿಖಿತ ಆಧಾರ. ಅವರು ಹೇಳಿದ್ದು, ಹೇಳಿದ್ದರೆ, ಗಾಳಿಗೆ ಹೋಯಿತು.

ನಾಲ್ಕೈದು ತಿಂಗಳ ಮೇಲೆ, ಯಾವುದೋ ಮಾತಿಗೆ, ಚಪಾತಿ ಲಟ್ಟಿಸುತ್ತ ಶೈಲಾ ಹೇಳಿದಳು: "ಅವತ್ತ ಅವರು ಮುಂಜಾನಿ ಬಾ ಅಂದಿದ್ರಲ್ಲ."

"ಯಾರು?"

"ಮಿಸ್ತ್ರಿ. ನೀವ ಮನಿಗೆ ಬಂದು ಹೇಳಿದ್ರಲ್ರಿ? 'ಮುಂಜಾನಿ ಬರ್ರಿ ಅಂತಾನ, ಅಂವ ಅಂಗಡಿ ತಗಿಯೂದು ಒಂಬತ್ತಕ್ಕ, ನಾವು ಐದಕ್ಕ ಹೊಂಡೂದು' ಅಂದ್ರಿ."

ನನಗೆ ಅದು ನೆನಪೇ ಇಲ್ಲ. ಈಗಲೂ ಇಲ್ಲ. ಹೇಳಿದ್ದರೆ ನೆನಪಿರಬೇಕಲ್ಲ?

"ಮತ್ತ ಅವಾಗ ಯಾಕ ಹೇಳಲಿಲ್ಲ ನೀನು?"

"ನೀವು ಅವಾಗ ಕೇಳೂ ಹಂಗ ಇದ್ರೇನ್ರಿ?"

ನಾನು ಅವಳ ಸಾಕ್ಷ್ಯವನ್ನು ಪರೀಕ್ಷೆಗೆ ಹಚ್ಚಿದೆ. ಅಂದು ಮಗಳು ಯಾವ ಸ್ವೆಟರ್ ಹಾಕಿಕೊಂಡಿದ್ದಳು ಎಂದು ಕೇಳಿದೆ. ಹಳದಿ ಎಂದಳು. ಫೋನಿನಲ್ಲಿ ಫೋಟೊ ಇತ್ತು, ಹಸಿರು. ನೋಡು ಎಂದೆ. ಅವಳು ಫೋಟೊ ನೋಡಿ, ಲಟ್ಟಣಿಗೆ ಕೆಳಗಿಟ್ಟು, "ಗೆದ್ರಿ ಬಿಡ್ರಿ" ಎಂದಳು. ಅವಳ ನೆನಪು ಸ್ವೆಟರಿನಲ್ಲಿ ತಪ್ಪಿದ್ದರಿಂದ ಮಿಸ್ತ್ರಿಯ ಮಾತಿನಲ್ಲೂ ತಪ್ಪಿರಬಹುದು ಎಂದು ತರ್ಕಿಸಿ ಆ ದಿನ ನಾನು ನೆಮ್ಮದಿಯಿಂದ ಉಂಡೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದನ್ನು ಜೀವನದಲ್ಲಿ ಬಳಸಿದ ಕೆಲವೇ ಸಂದರ್ಭಗಳಲ್ಲಿ ಅದೊಂದು.

ಒಂದು ಸಲ ಸಂತೆಯಲ್ಲಿ ಅವರು ಎದುರಾದರು. ಕೈಚೀಲದಲ್ಲಿ ಬದನೆಕಾಯಿ. "ಗಾಡಿ ಹೆಂಗೈತ್ರಿ ಸರ?" ಎಂದರು. ಚೆನ್ನಾಗಿದೆ ಎಂದೆ. "ಇಲಿ ಬರೂ ದಿನಾ ಇವು. ವೈರ್ ಕಡೀತಾವು. ವಾರಕ್ಕೊಮ್ಮೆ ಬಾನೆಟ್ ತಗದ ನೋಡ್ರಿ" ಎಂದರು. ನನಗೆ ಏನೋ ಹೇಳಬೇಕಿತ್ತು. ಯಾರೂ ನಮ್ಮ ನಡುವೆ ಬರಲಿಲ್ಲ, ಯಾವ ಟ್ರಾಕ್ಟರೂ ಹಾದುಹೋಗಲಿಲ್ಲ. ಸುಮ್ಮನೆ ಹೇಳಲಿಲ್ಲ.

ಪಂಕ್ಚರ್ ಅಂಗಡಿಯಿಂದ ನೇರವಾಗಿ ಅವರ ಮನೆ ಕೇಳಿಕೊಂಡು ಹೋದೆ. ದಾರಿಯಲ್ಲಿ ಮಾತು ಜೋಡಿಸಿಕೊಂಡೆ: ಬಹುಶಃ ಅವರು ಹೇಳಿದ್ದಿರಬಹುದು, ಬಹುಶಃ ನಾನು ಕೇಳಿಸಿಕೊಳ್ಳಲಿಲ್ಲ. ಹಿರಿಯ ಮಗಳು ಹೊರಗೆ ಬಂದಳು. ನಲವತ್ತರ ಹತ್ತಿರದ ಹೆಣ್ಣುಮಗಳು, ಮುಖದಲ್ಲಿ ತಂದೆಯದೇ ಅಚ್ಚು. ಕುರ್ಚಿ ಹಾಕಿ ಕೂರಿಸಿದಳು.

"ಕಾಲೇಜಿನ ಸರ ಅಲ್ರೀ? ನಮ್ಮ ಅಬ್ಬಾ ನಿಮ್ಮನ್ನ ಬಾಳ ನೆನಸ್ತಿದ್ರು."

"ಏನಂತಿದ್ರು?"

"ಆ ಬ್ರೇಕಿನ ವಿಷಯರಿ. ಮೊದಲ ಮೊದಲ 'ನಾ ಹೇಳೇನಿ, ಹೇಳೇನಿ' ಅಂತಿದ್ರು. ಆಮ್ಯಾಲ 'ಸರ ಅಷ್ಟು ಓದಿದವರು, ಸುಮ್ಮಸುಮ್ನ ಅನ್ನಂಗಿಲ್ಲ, ನಾನ ಮರ್ತಿರಬೇಕು' ಅನ್ನಾಕತ್ತಿದ್ರು. ಅದಾದ ಮ್ಯಾಲ ಬ್ರೇಕಿನ ಕೆಲಸ ಹಿಡೀಲೇ ಇಲ್ರಿ. ಯಾರರೆ ಬಂದ್ರ, 'ನನ್ನ ನೆನಪಿನ ಮ್ಯಾಲ ನನಗ ಭರೋಸ ಇಲ್ಲ, ಬ್ಯಾರೆ ಕಡೆ ಮಾಡಸ್ರಿ' ಅಂತ ಕಳಸ್ತಿದ್ರು."

ಜೋಡಿಸಿಕೊಂಡು ಬಂದಿದ್ದ "ಬಹುಶಃ"ಗಳನ್ನೆಲ್ಲ ಕೈಬಿಟ್ಟೆ.

"ಇಲ್ಲವ್ವಾ" ಎಂದೆ. "ಅವರು ಹೇಳಿದ್ರು. ಘಟ್ಟಕ್ಕ ಹೋಗೂದಿದ್ರ ಮುಂಜಾನಿ ಬರ್ರಿ, ಎಣ್ಣಿ ಬದ್ಲಿ ಮಾಡೂಣು ಅಂದಿದ್ರು. ನಾನ ಕೇಳಲಿಲ್ಲ. ತಪ್ಪು ನಂದು."

ಅವಳು ನನ್ನನ್ನೇ ನೋಡಿದಳು. "ನಿಮಗ ನೆನಪೈತೇನ್ರಿ?"

ಎಷ್ಟು ಸರಳ ಪ್ರಶ್ನೆ. ಮೂವತ್ತು ವರ್ಷ ನಾನು ಎಲ್ಲರಿಗೂ ಕೇಳುತ್ತ ಬಂದ ಪ್ರಶ್ನೆ.

"ಐತಿ" ಎಂದೆ. ನನ್ನ ಕಿವಿಗೇ ಅದು ಪೊಳ್ಳಾಗಿ ಕೇಳಿಸಿತು.

"ಇರ್ಲಿ ಬಿಡ್ರಿ ಸರ" ಎಂದಳು, ತುಂಬ ಸಮಾಧಾನದ ದನಿಯಲ್ಲಿ, ಕಷ್ಟದಲ್ಲಿರುವವನು ನಾನು ಎಂಬಂತೆ. "ಸತ್ತವರ ಮನಿಗೆ ಬಂದವರು ಒಳ್ಳೆ ಮಾತು ಹೇಳಬೇಕು, ಹೇಳಿದ್ರಿ. ಆದ್ರ ಅಬ್ಬಾ ತಪ್ಪು ತಮ್ಮದ ಅಂತ ಒಪ್ಪಿಕೊಂಡ ಹೋಗ್ಯಾರ. ಇನ್ನ ನೀವ್ಯಾಕ ಅವರ ಸಲುವಾಗಿ ಸುಳ್ಳು ಹೇಳ್ತೀರಿ?"